ಗ್ರಹದ ಗಾಳಿ ಹುಡುಕಿದ್ದು ಲ್ಯಾಪ್‌ಟಾಪಿನಲ್ಲಿ

ದೂರದ ಗ್ರಹವೊಂದರ ಗಾಳಿಯಲ್ಲಿ ಯಾವ ಅನಿಲ ಇದೆ ಅಂತ ಹುಡುಕಬೇಕಿತ್ತು. ಬೆಂಗಳೂರಿನ ಆಕಾಶ ನಂಬಿಕೊಂಡರೆ ಈ ಕೆಲಸ ಆಗುವುದಿಲ್ಲ. ಮಳೆಗಾಲದಲ್ಲಿ ಮೋಡ, ಉಳಿದ ದಿನ ಬೀದಿದೀಪ. ಹಾಗಾಗಿ ಜೇಮ್ಸ್ ವೆಬ್ ದೂರದರ್ಶಕ ತೆಗೆದ ಡೇಟಾ ಇಳಿಸಿಕೊಂಡೆ. ಬಾಹ್ಯಾಕಾಶ ದೂರದರ್ಶಕಗಳ ಡೇಟಾ ಕೂಡಿಡುವ ಮ್ಯಾಸ್ಟ್ ಆರ್ಕೈವ್‌ನಲ್ಲಿ ಅದು ಪುಕ್ಕಟೆ ಸಿಗುತ್ತದೆ.

ಆರಿಸಿಕೊಂಡದ್ದು ಬೇರೊಂದು ನಕ್ಷತ್ರವನ್ನು ಸುತ್ತುವ ವಾಸ್ಪ್-39ಬಿ ಗ್ರಹ. ಸುಮಾರು 700 ಜ್ಯೋತಿರ್ವರ್ಷ ದೂರ. ತೂಕ ಹೆಚ್ಚುಕಮ್ಮಿ ಶನಿಯಷ್ಟು, ಗಾತ್ರ ಗುರುವಿಗಿಂತ ಜಾಸ್ತಿ. ಇಷ್ಟು ಉಬ್ಬಿದ ಗ್ರಹದ ವಾತಾವರಣವೂ ದಪ್ಪ, ಹೊಸಬರಿಗೆ ಅದೇ ಅನುಕೂಲ. ನಾಲ್ಕು ದಿನಕ್ಕೊಮ್ಮೆ ಅದು ತನ್ನ ನಕ್ಷತ್ರದ ಮುಂದೆ ಹಾಯುತ್ತದೆ. ಆಗ ಬೆಳಕು ಶೇ. 2ರಷ್ಟು ಕುಗ್ಗುತ್ತದೆ. ಈ ಕುಗ್ಗುವಿಕೆ ಒಂದೊಂದು ತರಂಗಾಂತರದಲ್ಲಿ, ಅಂದರೆ ಬೆಳಕಿನ ಒಂದೊಂದು ಬಣ್ಣದಲ್ಲಿ, ಚೂರು ಬೇರೆ ಬೇರೆ; ಗ್ರಹದ ಗಾಳಿಯ ಒಂದೊಂದು ಅನಿಲ ಒಂದೊಂದು ಬಣ್ಣವನ್ನು ಹೀರುತ್ತದೆ. ನಮಗೆ ಬೇಕಾದ್ದು ಆ ಚೂರು.

ಮೊದಲು ಪ್ರತಿ ಚಿತ್ರದಲ್ಲೂ ಕಾಲಂ ಕಾಲಂ ಹಿನ್ನೆಲೆ ಕಳೆದೆ. ಇಲ್ಲದಿದ್ದರೆ ಡಿಟೆಕ್ಟರಿನ ಪಟ್ಟೆಗಳೇ ಗ್ರಹದ ಸುದ್ದಿಯಂತೆ ಕಾಣುತ್ತವೆ. ಆಮೇಲೆ ಎಲ್ಲ ಬಣ್ಣದ ಬೆಳಕು ಕೂಡಿಸಿ, ಹೊತ್ತು ಹೋದಂತೆ ಅದು ಕುಗ್ಗುವುದನ್ನು ತೋರಿಸುವ ಒಂದೇ ವಕ್ರರೇಖೆ ಮಾಡಿ, ಬ್ಯಾಟ್‌ಮ್ಯಾನ್ ಅನ್ನುವ ಪೈಥಾನ್ ಪ್ಯಾಕೇಜಿನಿಂದ ಕಕ್ಷೆಯ ಓರೆ, ಟ್ರಾನ್ಸಿಟ್‌ನ (ಗ್ರಹ ನಕ್ಷತ್ರದ ಮುಂದೆ ಹಾಯುವುದರ) ನಡುವಿನ ಹೊತ್ತು ಗೊತ್ತುಮಾಡಿಕೊಂಡೆ. ಅವನ್ನು ಹಾಗೇ ಕಟ್ಟಿಹಾಕಿ, ಪ್ರತಿ ತರಂಗಾಂತರಕ್ಕೂ ಗ್ರಹದ ಗಾತ್ರವನ್ನು ಬೇರೆ ಬೇರೆಯಾಗಿ ಅಳೆದೆ. ರಾತ್ರಿ ಓಡಲು ಬಿಟ್ಟು ಮಲಗುವುದು, ಕರೆಂಟ್ ಹೋಗದಿದ್ದರೆ ಬೆಳಿಗ್ಗೆ ಉತ್ತರ!

ನಿಜವಾಗಿ ತಲೆ ತಿಂದದ್ದು ಗ್ರಹ ಅಲ್ಲ, ನಕ್ಷತ್ರ. ನಕ್ಷತ್ರದ ಅಂಚು ನಡುಭಾಗಕ್ಕಿಂತ ಮಂಕು. ಹಾಗಾಗಿ ವಕ್ರರೇಖೆಯ ತಳ ಚಪ್ಪಟೆ ಇರದೆ ದುಂಡಗಾಗುತ್ತದೆ. ಈ ಮಂಕನ್ನು ನಕ್ಷತ್ರದ ಲೆಕ್ಕದ ಮಾದರಿಯಿಂದ ತಂದರೆ ಕುಗ್ಗುವಿಕೆಗೆ ಒಂದು ಆಳ, ಡೇಟಾದಿಂದಲೇ ಕಂಡುಹಿಡಿದರೆ ಇನ್ನೊಂದು. ಇನ್‌ಫ್ರಾರೆಡ್ ಕಡೆ ಹೋದಷ್ಟೂ ಈ ಕಾಟ ಕಮ್ಮಿ. 2 ಮೈಕ್ರಾನ್‌ಗಿಂತ (ಮೈಕ್ರಾನ್ ಅಂದರೆ ತರಂಗಾಂತರದ ಅಳತೆ) ಕೆಳಗೆ ಪಿಕ್ಸೆಲ್‌ಗಳೂ ಬೆಳಕು ಜಾಸ್ತಿಯಾಗಿ ತುಂಬಿ ತುಳುಕಿದ್ದವು, ಆ ಭಾಗ ಬಿಟ್ಟುಬಿಟ್ಟೆ.

ಅಳೆದ ಗಾತ್ರಗಳನ್ನು ಗ್ರಾಫಿಗೆ ಹಾಕಿದಾಗ 4.3 ಮೈಕ್ರಾನ್ ಹತ್ತಿರ ಗುಡ್ಡ ಎದ್ದು ಕಂಡಿತು. ಅದು ಕಾರ್ಬನ್ ಡೈ ಆಕ್ಸೈಡ್, 2022ರ ಆಗಸ್ಟ್‌ನಲ್ಲಿ ವಿಜ್ಞಾನಿಗಳು ಪ್ರಕಟಿಸಿದ್ದೂ ಅದನ್ನೇ. ಗೆಳೆಯನಿಗೆ ತೋರಿಸಿದರೆ, "ಗ್ರಹದ ಫೋಟೋ ಎಲ್ಲೋ?" ಅಂದ. ಪಕ್ಕದಲ್ಲೇ 4.05ರಲ್ಲಿ ಸಲ್ಫರ್ ಡೈ ಆಕ್ಸೈಡಿನ ಸಣ್ಣ ಉಬ್ಬಿದೆ. ನಕ್ಷತ್ರದ ನೇರಳಾತೀತ ಬೆಳಕಿನಿಂದ ಶುರುವಾಗುವ ರಾಸಾಯನಿಕ ಕ್ರಿಯೆಯಲ್ಲಿ ಹುಟ್ಟುವ ಅನಿಲ ಅದು. ಪ್ರಬಂಧ ಓದಿರದಿದ್ದರೆ ಸುಮ್ನೆ ಡೇಟಾದ ಗದ್ದಲ ಅಂತ ಬಿಡುತ್ತಿದ್ದೆ.

ಈಗ ಇದೇ ಗ್ರಹದ ಜಿ395ಎಚ್ ಡೇಟಾ ಹಿಡಿದಿದ್ದೇನೆ; ಅದು ವೆಬ್‌ನಲ್ಲಿ ಬೆಳಕನ್ನು ಇನ್ನೂ ಸಣ್ಣದಾಗಿ ಬಿಡಿಸುವ ಉಪಕರಣದ ಹೆಸರು. ಅದರಲ್ಲಿ ವಿವರ ಜಾಸ್ತಿ. ಆದರೆ ಎರಡು ಡಿಟೆಕ್ಟರ್‌ಗಳ ನಡುವೆ 3.7 ಮೈಕ್ರಾನ್ ದಾಟಿದ ಮೇಲೆ ಒಂದು ಸಂದಿಯಿದೆ. ಎರಡೂ ಕಡೆ ಬೇರೆ ಬೇರೆ ಲೆಕ್ಕ ಮಾಡಿ ಆಮೇಲೆ ಹೊಂದಿಸಬೇಕು.