ಗಟ್ಟಿಮುಟ್ಟಾಗಿರುವಾಗಲೇ ಉಯಿಲು ಬರೆಯಿರಿ: ಒಬ್ಬ ಪತ್ರ ಬರಹಗಾರನ ಸಲಹೆ

ಉಪನೋಂದಣಾಧಿಕಾರಿಗಳ ಕಚೇರಿಯ ಎದುರು ಕುಳಿತು ಪತ್ರ ಬರೆಯುವುದು ನನ್ನ ಕಸುಬು. ಕ್ರಯಪತ್ರಕ್ಕೆ ಜನ ಪಂಚಾಂಗ ನೋಡಿಕೊಂಡು ಬರುತ್ತಾರೆ, ಉಯಿಲಿಗೆ ಆಸ್ಪತ್ರೆಯ ಚೀಟಿ ಹಿಡಿದು. ಆ ಹೊತ್ತಿನಲ್ಲಿ ಬರೆಸಿದ ಉಯಿಲು ಮಕ್ಕಳಿಗೆ ಮಾತ್ರ ಉಪಯೋಗ. ಮೊದಲೇ ಬರೆದರೆ ನಿಮಗೂ ಉಪಯೋಗವಿದೆ.

ಕಾನೂನಿನ ಭಾಗ ಸುಲಭ. ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ನೀವು ಸಹಿ ಹಾಕುವುದನ್ನು ಇಬ್ಬರು ಸಾಕ್ಷಿಗಳು ನೋಡಿ, ನಿಮ್ಮೆದುರೇ ಸಹಿ ಹಾಕಬೇಕು. ಆಸ್ತಿ ಪಡೆಯುವವರನ್ನೇ ಸಾಕ್ಷಿ ಮಾಡಬೇಡಿ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಕ್ಷೇಮ. ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು.

ನಿಧಾನಿಸಬೇಕಾದದ್ದು ಚರಾಸ್ತಿಯ ಪಟ್ಟಿಯಲ್ಲಿ. ಪ್ರತಿ ವಸ್ತುವಿನ ಮುಂದೆ ಪಡೆಯುವವರ ಹೆಸರು ಬರೆದು, ಇದನ್ನು ಸತ್ತ ಮೇಲೆಯೇ ಕೊಡಬೇಕೆ ಎಂದು ಕೇಳಿಕೊಳ್ಳಿ. ಮೊಮ್ಮಗಳಿಗೆಂದು ಬರೆದ ಹಾರ್ಮೋನಿಯಂ ಅನ್ನು ಈಗಲೇ ಕೊಟ್ಟರೆ ಅವಳ ಸರಳೆ ವರಸೆಯ ಅಪಸ್ವರವನ್ನಾದರೂ ಕೇಳುತ್ತೀರಿ. ನನ್ನ ಪಟ್ಟಿಯಿಂದ ಕೈಗಡಿಯಾರವೂ ಪುಸ್ತಕದ ಬೀರುವೂ ಹೀಗೆಯೇ ಹೊರಬಿದ್ದವು. ಮನೆ, ಠೇವಣಿಗಳನ್ನು ಮಾತ್ರ ಈ ಹುರುಪಿನಲ್ಲಿ ಬಿಟ್ಟುಕೊಡಬೇಡಿ. ದಾನಪತ್ರ ಬರೆದುಕೊಟ್ಟು ಪರದಾಡುವವರನ್ನು ದಿನವೂ ನೋಡುತ್ತೇನೆ.

ಉಯಿಲಿನಲ್ಲಿ ಬರೆಯಲಾಗದವುಗಳಿಗೆ ಬೇರೆ ಹಾಳೆ ಇಡಿ. ಹಳೆಯ ಫೋಟೊದ ಹಿಂದಿನ ಸಾಲಿನಲ್ಲಿ ನಿಂತವರು ಯಾರು, ಅಮ್ಮನ ಮಾವಿನಮಿಡಿ ಉಪ್ಪಿನಕಾಯಿಗೆ ಉಪ್ಪೆಷ್ಟು, ಇವೆಲ್ಲ ನಿಮ್ಮೊಬ್ಬರಿಗೇ ಗೊತ್ತಿರಬಹುದು. ಬರೆದಿಡುವುದಕ್ಕಿಂತ, ಮಿಡಿ ಸಿಗುವ ಕಾಲದಲ್ಲಿ ಸೊಸೆಯನ್ನೋ ಮಗನನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಒಂದು ಭರಣಿ ಹಾಕಿ.

‘ನನ್ನ ತಮ್ಮನಿಗೆ ಯಾವ ಹಕ್ಕೂ ಇರುವುದಿಲ್ಲ’ ಎಂಬ ಸಾಲನ್ನು ಅನೇಕರು ಒತ್ತಿ ಹೇಳಿ ಬರೆಸುತ್ತಾರೆ. ಬರೆಯುವ ಮೊದಲು ಅವರನ್ನು ಕಾಫಿಗೆ ಕಳಿಸುತ್ತೇನೆ. ಕೆಲವರು ಅಲ್ಲಿಂದಲೇ ತಮ್ಮನಿಗೆ ಫೋನ್ ಮಾಡುತ್ತಾರೆ. ಕೆಲವರು ಹಿಂತಿರುಗಿ ಬಂದು ಇನ್ನೂ ಖಾರವಾದ ಪದ ಹುಡುಕುತ್ತಾರೆ. ನಿಮ್ಮದು ಯಾವ ಬಗೆ ಎಂದು ತಿಳಿಯಲಾದರೂ ಕಾಫಿ ಕುಡಿಯಿರಿ.

ಗುಣವಾಗದ ಸ್ಥಿತಿಯಲ್ಲಿ ಯಂತ್ರದ ಉಸಿರಾಟ ಬೇಕೆ ಎಂಬುದನ್ನೂ ಮುಂಚಿತವಾಗಿ ಬರೆದಿಡಬಹುದು. ಸುಪ್ರೀಂ ಕೋರ್ಟ್ 2018ರಲ್ಲಿ ಇದಕ್ಕೆ ಮಾನ್ಯತೆ ನೀಡಿತು. 2023ರಲ್ಲಿ ಕ್ರಮವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳ ಜೊತೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು.

ಕಾಗದ ಎಲ್ಲಿದೆಯೆಂದು ಒಬ್ಬರಿಗಾದರೂ ತಿಳಿಸಿ. ವೈಕುಂಠ ಸಮಾರಾಧನೆ ಮುಗಿದ ಎಷ್ಟೋ ದಿನಗಳ ನಂತರ, ಸೀರೆಗಳ ಅಡಿಯಲ್ಲಿ ಸಿಕ್ಕಿತೆಂದು ಉಯಿಲು ಹಿಡಿದು ಬರುವವರು ಬಹಳ ಮಂದಿ.