ಪ್ರಶ್ನೆ ಇಲ್ಲದ ಪುಸ್ತಕ: ಮಗಳಿಗೆ ಮನೆಯಲ್ಲೇ ಸಾಹಿತ್ಯ ಕಲಿಸಲು ಹೊರಟ ನನ್ನ ಅನುಭವ

ಮಗಳಿಗೆ ಆಗಷ್ಟೇ ಆರು ತುಂಬಿತ್ತು. ಕಾಗುಣಿತ ಮುಗಿದು, ಒತ್ತಕ್ಷರ ಬಂದು, ಕಣ್ಣಿಗೆ ಬಿದ್ದಿದ್ದನ್ನೆಲ್ಲ ಜೋರಾಗಿ ಓದುತ್ತಿದ್ದಳು. ಔಷಧಿ ಡಬ್ಬಿ, ಕ್ಯಾಲೆಂಡರ್, ಹಳೇ ಪತ್ರಿಕೆಯ ಜಾಹೀರಾತು, ಏನೂ ಬಿಡುತ್ತಿರಲಿಲ್ಲ. ಮನೆಯಲ್ಲೇ ಕಲಿಸೋಣ ಅಂತ ತೀರ್ಮಾನ ಮಾಡಿದಾಗ ನನಗೆ ಭಯ ಇದ್ದದ್ದು ಗಣಿತದ ಬಗ್ಗೆ. ಸಾಹಿತ್ಯದ್ದೇನು, ಪುಸ್ತಕ ಕೈಗೆ ಕೊಟ್ಟರೆ ಆಯ್ತು, ಓದೋಕಂತೂ ಬರುತ್ತಲ್ಲ ಅಂದುಕೊಂಡಿದ್ದೆ.

ಒಂದು ಭಾನುವಾರ ಕೂತು ಇಡೀ ವರ್ಷದ ಪಟ್ಟಿ ಮಾಡಿದೆ. 36 ವಾರಕ್ಕೆ 36 ಪುಸ್ತಕ. ಒಂದೊಂದಕ್ಕೂ ಹತ್ತು ಪ್ರಶ್ನೆ, ಹೊಸ ಪದಗಳ ಅರ್ಥ, ಕೊನೆಗೆ ‘ಈ ಕಥೆಯ ನೀತಿ ಏನು?’ ಬಣ್ಣದ ಪೆನ್ನಿನಲ್ಲಿ ಗೆರೆ ಎಳೆದು ಗೋಡೆಗೆ ಅಂಟಿಸಿದೆ. ನೋಡೋಕೆ ಬಲು ಚೆಂದ ಇತ್ತು. ಮೂರನೇ ವಾರದಲ್ಲಿ ಅದು ಮಗುಚಿ ಬಿತ್ತು.

ಅವತ್ತು ಅವಳು ನಾಲ್ಕು ಪುಟ ಓದಿದಳು. ಒಂದೇ ಒಂದು ತಪ್ಪಿಲ್ಲ. ನಾನು ಪ್ರಶ್ನೆಯ ಹಾಳೆ ತೆಗೆದು, “ಆನೆ ಯಾಕೆ ವಾಪಸ್ ಬಂತು?” ಅಂದೆ. ಅವಳು ನನ್ನ ಮುಖ ನೋಡಿದಳು. “ಯಾವ ಆನೆ?” ಅಂದಳು.

ತಮಾಷೆ ಮಾಡುತ್ತಿರಲಿಲ್ಲ. ನಾಲ್ಕು ಪುಟದ ತುಂಬ ಆನೆ ಇತ್ತು, ಅವಳ ಬಾಯಿಂದಲೇ ಆನೆ ಅನ್ನುವ ಪದ ಹತ್ತು ಸಲ ಬಂದಿತ್ತು. ಆದರೆ ತಲೆಯೊಳಗೆ ಆನೆ ಬಂದಿರಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದಳು, “ಅಪ್ಪಾ, ಪ್ರಶ್ನೆ ಇಲ್ಲದ ಪುಸ್ತಕ ಯಾವುದೂ ಇಲ್ವಾ?”

ಪಟ್ಟಿಯನ್ನು ಅವತ್ತು ರಾತ್ರಿಯೇ ಗೋಡೆಯಿಂದ ಕಿತ್ತೆ. ಬಣ್ಣದ ಪೆನ್ನಿನ ಶ್ರಮ ನೆನೆದು ಸ್ವಲ್ಪ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಓದು ಕಲಿಕೆಯ ಬಗ್ಗೆ ನಾನೇ ಸ್ವಲ್ಪ ಓದಿಕೊಂಡೆ. ಗಾಫ್ ಮತ್ತು ಟನ್ಮರ್ ಎಂಬ ಇಬ್ಬರು ಸಂಶೋಧಕರು 1986ರಲ್ಲಿ ಒಂದು ಸರಳ ಲೆಕ್ಕ ಕೊಟ್ಟಿದ್ದಾರೆ. ಓದಿ ಅರ್ಥ ಮಾಡಿಕೊಳ್ಳುವುದು ಅಂದರೆ ಅಕ್ಷರವನ್ನು ಮಾತಾಗಿಸುವ ಶಕ್ತಿ ಗುಣಿಸು ಮಾತನ್ನು ಕೇಳಿ ಅರ್ಥ ಮಾಡಿಕೊಳ್ಳುವ ಶಕ್ತಿ. ಕೂಡುವುದಲ್ಲ, ಗುಣಿಸುವುದು. ಎರಡರಲ್ಲಿ ಒಂದು ಸೊನ್ನೆಯಾದರೆ ಉತ್ತರವೂ ಸೊನ್ನೆ. ನಮ್ಮ ಮನೆಯಲ್ಲಿ ನಾನು ಮೊದಲನೆಯದನ್ನು ಮಾತ್ರ ನೋಡಿ ಬೀಗುತ್ತಿದ್ದೆ.

ಹಾಗಂತ ಮೊದಲನೆಯದೂ ಪೂರ್ತಿ ಹದವಾಗಿರಲಿಲ್ಲ. ಪಕ್ಕದಲ್ಲಿ ಕೂತು ಅವಳ ಬೆರಳನ್ನೇ ನೋಡತೊಡಗಿದಾಗ ಇದು ಗೊತ್ತಾಯ್ತು. ‘ಸೂರ್ಯ’ ಅನ್ನುವ ಪದ ಬಂದರೆ ಬೆರಳು ಯಕಾರದ ಮೇಲೆ ಹೋಗಿ, ಅದರ ಮುಂದಿನ ಅರ್ಕಾವತ್ತಿನ ಮೇಲೆ ಹೋಗಿ, ಮತ್ತೆ ಹಿಂದಕ್ಕೆ ಬರುತ್ತಿತ್ತು. ಬಾಯಲ್ಲಿ ಮೊದಲು ‘ಸೂಯರ’ ಬಂದು ಆಮೇಲೆ ‘ಸೂರ್ಯ’ ಆಗುತ್ತಿತ್ತು. ತಪ್ಪು ಅವಳದ್ದಲ್ಲ. ಬಾಯಿ ಮೊದಲು ಹೇಳಬೇಕಾದ ‘ರ್’ ಬರಹದಲ್ಲಿ ಆಮೇಲೆ ಕೂತಿರುತ್ತದೆ. ನಮಗೆ ಅಭ್ಯಾಸವಾಗಿ ಕಾಣುವುದೇ ಇಲ್ಲ, ಅವಳಿಗೆ ಪ್ರತಿ ಸಲವೂ ಅದು ಒಂದು ಸಣ್ಣ ಗುಂಡಿ. ‘ಸ್ವಾತಂತ್ರ್ಯ’ದಂಥ ಪದ ಬಂದರಂತೂ ವಾಕ್ಯದ ಆರಂಭದಲ್ಲಿ ಏನಿತ್ತು ಅನ್ನುವುದೇ ಮರೆತುಹೋಗುತ್ತಿತ್ತು. ಕೇಳುವ ನಮಗೆ ನಿರರ್ಗಳ ಅನ್ನಿಸುವ ಓದಿನಲ್ಲಿ ಇಷ್ಟೊಂದು ಕಸರತ್ತು ನಡೆಯುತ್ತಿರುತ್ತದೆ.

ಪುಸ್ತಕ ಮಗುವಿಗೆ ಹೊಂದುತ್ತದಾ ಅಂತ ನೋಡೋಕೆ ಐದು ಬೆರಳಿನ ಪರೀಕ್ಷೆ ಅಂತ ಒಂದಿದೆ. ಒಂದು ಪುಟ ಓದಿಸುವುದು, ಗೊತ್ತಿಲ್ಲದ ಪದಕ್ಕೊಂದು ಬೆರಳು ಮಡಿಸುವುದು. ಐದೂ ಮಡಿಸಿದರೆ ಪುಸ್ತಕ ಕಷ್ಟ ಅಂತ ಲೆಕ್ಕ. ಕನ್ನಡಕ್ಕೆ ಇದು ನನಗೆ ಅಷ್ಟು ಸರಿಬರಲಿಲ್ಲ. ‘ಬರಬೇಕಾಗಿತ್ತಂತೆ’ ಅನ್ನುವುದರಲ್ಲಿ ಅವಳಿಗೆ ಗೊತ್ತಿಲ್ಲದ್ದು ಏನೂ ಇಲ್ಲ. ಬರುವುದು, ಬೇಕು, ಆಗಿತ್ತು, ಅಂತೆ, ಎಲ್ಲಾ ದಿನಾ ಆಡುವ ಮಾತೇ. ಆದರೆ ಒಟ್ಟಿಗೆ ಅಂಟಿಕೊಂಡು ರೈಲಿನಂತೆ ನಿಂತಾಗ ಎಡವುತ್ತಿದ್ದಳು. ಹಾಗಾಗಿ ಬೆರಳು ಬಿಟ್ಟು, ಒಂದು ಪುಟದಲ್ಲಿ ಎಷ್ಟು ಸಲ ನಿಂತಳು ಅಂತ ನೋಡಿದೆ. ಉದ್ದದ ಪದ ಬಂದಾಗ ಒಂದು ಚೀಟಿಯಿಂದ ಮುಚ್ಚಿ, ಡಬ್ಬಿ ಡಬ್ಬಿಯಾಗಿ ತೆರೆಯುವುದು ಅವಳೇ ಕಂಡುಕೊಂಡ ಉಪಾಯ.

ಇನ್ನೊಂದು ತೊಡಕು ನನಗೆ ಹೊಳೆದೇ ಇರಲಿಲ್ಲ. ಒಂದು ದಿನ ಕೇಳಿದಳು, “ಪುಸ್ತಕದಲ್ಲಿ ಎಲ್ಲರೂ ಯಾಕಪ್ಪಾ ಹೀಗೆ ಮಾತಾಡ್ತಾರೆ?” ಮನೆಯಲ್ಲಿ ನಾವು ‘ಹೋಗ್ತಾನೆ’ ಅಂತೀವಿ, ಪುಸ್ತಕದಲ್ಲಿ ‘ಹೋಗುತ್ತಾನೆ’. ನಾವು ‘ಅಂದ’, ಅಲ್ಲಿ ‘ಎಂದನು’. ನಮಗೆ ಇವೆರಡೂ ಒಂದೇ ಭಾಷೆ. ಅವಳ ಪಾಲಿಗೆ ಪುಸ್ತಕದ ಭಾಷೆ ಅಂದರೆ ನಂಟರ ಮನೆಯ ಭಾಷೆ, ಅರ್ಥವಾಗುತ್ತದೆ, ಸಲಿಗೆ ಇಲ್ಲ. ಆ ಸಲಿಗೆ ಕಣ್ಣಿಂದ ಓದಿ ಬರುವುದಲ್ಲ, ಕಿವಿಯಿಂದ ಬರಬೇಕು ಅನ್ನಿಸಿತು.

ಹತ್ತು ದಿನ ಎಲ್ಲಾ ನಿಲ್ಲಿಸಿದೆ. ಸಂಜೆ ಇಪ್ಪತ್ತು ನಿಮಿಷ ನಾನು ಓದುವುದು, ಅವಳು ಕೇಳುವುದು, ಅಷ್ಟೇ. ಆಮೇಲೆ ಪುಸ್ತಕಗಳನ್ನು ಎರಡು ಗುಡ್ಡೆ ಮಾಡಿದೆ. ಒಂದು ‘ಅಪ್ಪ ಓದೋದು’, ಇನ್ನೊಂದು ‘ನಾನು ಓದೋದು’. ಮೊದಲನೆಯದರಲ್ಲಿ ಅವಳ ವಯಸ್ಸಿಗಿಂತ ಮೂರ್ನಾಲ್ಕು ವರ್ಷ ಮೇಲಿನ, ಅಧ್ಯಾಯಗಳಿರುವ ದಪ್ಪ ಪುಸ್ತಕಗಳು. ಎರಡನೆಯದರಲ್ಲಿ ಅವಳಿಗೆ ತುಂಬಾ ಸುಲಭ ಅನ್ನಿಸುವಂಥವು. ಸುಲಭದ ಪುಸ್ತಕ ಕೊಡೋಕೆ ನನಗೆ ನಾಚಿಕೆ ಆಗುತ್ತಿತ್ತು, ಅದು ನನ್ನ ಜಂಬ. ಬೆಳಗ್ಗೆ ಹತ್ತು ನಿಮಿಷ ಅವಳ ಪಾಡಿಗೆ ಅವಳು ಓದುತ್ತಿದ್ದಳು. ಒಂದು ತೆಳ್ಳನೆಯ ಪುಸ್ತಕವನ್ನು ಹನ್ನೊಂದು ಸಲ ಓದಿದಳು. ಏಳನೇ ಸಲವೋ ಎಂಟನೇ ಸಲವೋ ಬಂದು, “ಈ ಹುಡುಗ ಒಂದು ಸಲಾನೂ ನಕ್ಕಿಲ್ಲ, ನೋಡಿದ್ಯಾ?” ಅಂದಳು. ನಾನು ನೋಡಿರಲಿಲ್ಲ.

ಹತ್ತು ಪ್ರಶ್ನೆಯ ಜಾಗಕ್ಕೆ ಏನು ತರುವುದು ಅನ್ನುವುದಕ್ಕೆ ಇಂಗ್ಲೆಂಡಿನ ಶಿಕ್ಷಣತಜ್ಞೆ ಶಾರ್ಲಟ್ ಮೇಸನ್ (1842–1923) ಅವರ ಒಂದು ಕ್ರಮ ಸಿಕ್ಕಿತು. ಮಗುವಿಗೆ ಒಂದು ಸಲ ಓದಿ ಹೇಳುವುದು, ಆಮೇಲೆ ಮಗು ಅದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳುವುದು. ಆರು ವರ್ಷಕ್ಕಿಂತ ಮೊದಲು ಇದನ್ನು ಕೇಳಲೇಬಾರದು ಅಂತಾರೆ. ಮನೆಪಾಠದವರ ನಡುವೆ ಇದು ಈಗಲೂ ತುಂಬ ಚಾಲ್ತಿಯಲ್ಲಿದೆ. ಒಂದೇ ಸಲ ಓದಬೇಕು ಅನ್ನುವ ನಿಯಮ ಮಾತ್ರ ಹನ್ನೊಂದು ಸಲ ಓದುವವಳ ಮನೆಯಲ್ಲಿ ನಡೆಯಲಿಲ್ಲ.

ಶುರುವಿನಲ್ಲಿ ತಿರುಗಿ ಹೇಳುವುದೂ ಕೆಟ್ಟಿತು. “ಈಗ ಕಥೆ ಹೇಳು” ಅಂದರೆ ಎರಡು ವಾಕ್ಯ ಹೇಳಿ “ಅಷ್ಟೇ” ಅನ್ನುತ್ತಿದ್ದಳು. “ನಿನಗೆ ಗೊತ್ತಲ್ಲಪ್ಪ, ಈಗ ತಾನೇ ನೀನೇ ಓದಿದೆ!” ಅಂತ ರೇಗಿದಳು. ಮಾತು ಸರಿಯಾಗಿಯೇ ಇತ್ತು ಅಲ್ವಾ? ಕಥೆ ಗೊತ್ತಿರುವವನಿಗೆ ಕಥೆ ಹೇಳಿಸುವುದು ಪರೀಕ್ಷೆಯೇ, ಹೆಸರು ಬೇರೆ ಅಷ್ಟೇ.

ದಾರಿ ತೋರಿಸಿದ್ದು ನನ್ನ ಅಮ್ಮ, ತಮಗೆ ಗೊತ್ತಿಲ್ಲದೆಯೇ. ಅವರಿಗೆ ಕಣ್ಣು ಮಂಜು, ಸಣ್ಣ ಅಕ್ಷರ ಕಾಣುವುದಿಲ್ಲ. ಸಂಜೆ ನಾವು ಓದುವ ಹೊತ್ತಿಗೆ ಅವರು ಬೇರೆ ಕೋಣೆಯಲ್ಲಿರುತ್ತಿದ್ದರು. ಒಂದು ಬೆಳಗ್ಗೆ ಮೊಮ್ಮಗಳ ತಲೆ ಬಾಚುತ್ತಾ, “ನಿನ್ನೆ ಎಲ್ಲಿಗೆ ಬಂತೇ ನಿಮ್ಮ ಕಥೆ?” ಅಂದರು. ಅವಳು ಶುರು ಮಾಡಿದಳು. ಅಜ್ಜಿ “ಹೂಂ” ಅಂದರು, “ಆಮೇಲೆ?” ಅಂದರು, “ಅಯ್ಯೋ!” ಅಂದರು. ಒಂದು ಕಡೆ “ಅದ್ಯಾರೇ ಮುದುಕ, ಅವನು ಎಲ್ಲಿಂದ ಬಂದ?” ಅಂತ ತಡೆದರು. ಮಗಳು ಒಂದು ಕ್ಷಣ ನಿಂತು, ತಾನು ಬಿಟ್ಟುಬಿಟ್ಟ ಭಾಗವನ್ನು ತಾನೇ ಹುಡುಕಿಕೊಂಡು, “ಅಲ್ಲಲ್ಲ, ಅದಕ್ಕೆ ಮೊದಲು ಏನಾಯ್ತು ಅಂದ್ರೆ” ಅಂತ ಹಿಂದೆ ಹೋದಳು. ನಾನು ಬಾಗಿಲ ಬಳಿ ನಿಂತಿದ್ದೆ. ಜಡೆ ಮುಗಿದರೂ ಕಥೆ ಮುಗಿದಿರಲಿಲ್ಲ.

ಅವತ್ತಿನಿಂದ ನಮ್ಮ ಪಾಠದ ಕ್ರಮ ಅದೇ. ಸಂಜೆ ನನ್ನ ಓದು, ಬೆಳಗ್ಗೆ ಜಡೆ ಹಾಕುವಾಗ ಅಜ್ಜಿಗೆ ಕಥೆ. ರಾತ್ರಿ ನಿದ್ದೆ ಆಗಿರುತ್ತದೆ, ಬೇಡದ್ದು ಜಾರಿ ಹೋಗಿರುತ್ತದೆ, ಉಳಿದದ್ದು ಅವಳದ್ದು. ಬರೆಸುವ ಗೋಜಿಗೆ ಹೋಗಲಿಲ್ಲ. ಅವಳ ಕೈ ಇನ್ನೂ ನಿಧಾನ, ಬರೆಯಲು ಕೊಟ್ಟರೆ ಕಥೆ ಮೂರು ಸಾಲಿಗೆ ಬತ್ತಿ ಹೋಗುತ್ತಿತ್ತು. ಅವಳು ಹೇಳಿದ್ದನ್ನು ನಾನೇ ಒಂದು ನೋಟ್‌ಬುಕ್ಕಿನಲ್ಲಿ ಇದ್ದ ಹಾಗೇ ಬರೆದಿಡುತ್ತೇನೆ. ತಿದ್ದುವುದಿಲ್ಲ.

ನಾನು ಕೇಳುವುದನ್ನು ಪೂರ್ತಿ ಬಿಟ್ಟಿಲ್ಲ. ನಿಜವಾಗಿಯೂ ನನಗೆ ಉತ್ತರ ಗೊತ್ತಿಲ್ಲದಿದ್ದರೆ ಮಾತ್ರ ಕೇಳುತ್ತೇನೆ.

ಪದ್ಯದ ವಿಷಯ ಜಾಸ್ತಿ ಹೇಳುವುದಿಲ್ಲ. ದಿನಕ್ಕೊಂದು, ಅರ್ಥ ಹೇಳದೆ ಸುಮ್ನೆ ಓದಿದೆ. ಬಾಯಿಪಾಠ ಮಾಡು ಅನ್ನಲಿಲ್ಲ, ತಾನಾಗಿ ಬಂತು. ಹಳೆಯ ಪದ್ಯಗಳಲ್ಲಿ ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಅದೇ ವ್ಯಂಜನ ಬರುತ್ತದೆ ಅಂತ ಒಮ್ಮೆ ತೋರಿಸಿಕೊಟ್ಟೆ. ಪ್ರಾಸ ಅನ್ನುವ ಹೆಸರು ಆಮೇಲೆ ಹೇಳಿದೆ. ಈಗ ಪೆನ್ಸಿಲ್ ಹಿಡಿದು ಎರಡನೇ ಅಕ್ಷರ ಬೇಟೆಯಾಡುವುದು ಅವಳ ಆಟ.

ಪಂಚತಂತ್ರದ ಬಗ್ಗೆ ಮಾತ್ರ ಹೇಳಲೇಬೇಕು. ಮನೆಪಾಠ ಮಾಡುವವರು ಅದರ ಆರಂಭವನ್ನು ಒಮ್ಮೆ ಗಮನಿಸಿ ನೋಡಿ. ಅಮರಶಕ್ತಿ ರಾಜನಿಗೆ ಓದು ತಲೆಗೆ ಹತ್ತದ ಮೂವರು ಗಂಡುಮಕ್ಕಳು. ವಿಷ್ಣುಶರ್ಮ ಬಂದು ಆರು ತಿಂಗಳಲ್ಲಿ ಕಲಿಸುತ್ತೇನೆ ಅಂತ ಮಾತು ಕೊಡುತ್ತಾನೆ. ಅವನ ಪಠ್ಯವೆಲ್ಲ ಕಥೆ! ಕನ್ನಡಕ್ಕೂ ಪಂಚತಂತ್ರ ಹೊಸದಲ್ಲ, 11ನೇ ಶತಮಾನದಲ್ಲೇ ದುರ್ಗಸಿಂಹ ಅದನ್ನು ಕನ್ನಡದಲ್ಲಿ ಬರೆದಿದ್ದಾನೆ. ಆದರೆ ಈಗಿನ ಮಕ್ಕಳ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಒಂದೊಂದು ಕಥೆಯನ್ನು ಬಿಡಿಬಿಡಿಯಾಗಿ ಕತ್ತರಿಸಿ, ಕೆಳಗೆ ಚೌಕದಲ್ಲಿ ‘ನೀತಿ’ ಹಾಕಿರುತ್ತಾರೆ. ನಾನು ಮೊದಲು ಕೊಟ್ಟದ್ದು ಅಂಥದ್ದೇ. ಬೆಣೆ ಕಿತ್ತು ಬಾಲಕ್ಕೆ ಕುತ್ತು ತಂದುಕೊಂಡ ಕೋತಿಯ ಕಥೆ ಓದಿ, ನೀತಿ ಓದಿ, ಪುಟ ಮಗುಚಿದಳು. ಮುಖದಲ್ಲಿ ಏನೂ ಇಲ್ಲ.

ಎರಡನೇ ಸಲ ಪೂರ್ತಿ ಅನುವಾದ ತಂದು ನಾನೇ ಓದಿದೆ. ಅದರಲ್ಲಿ ಆ ಕೋತಿಯ ಕಥೆಯನ್ನು ಹೇಳುವುದು ಕರಟಕ ಎಂಬ ನರಿ, ದಮನಕ ಎಂಬ ಇನ್ನೊಂದು ನರಿಗೆ, ‘ನಮಗೆ ಸಂಬಂಧ ಇಲ್ಲದ್ದಕ್ಕೆ ಕೈ ಹಾಕಬೇಡ’ ಅನ್ನುವುದಕ್ಕೆ. ದಮನಕ ಕೇಳುವವನೇ? ಪಿಂಗಲಕ ಸಿಂಹಕ್ಕೂ ಸಂಜೀವಕ ಎತ್ತಿಗೂ ಮೊದಲು ಸ್ನೇಹ ಮಾಡಿಸಿ, ಆಮೇಲೆ ತಾನೇ ಇಬ್ಬರ ಕಿವಿ ಕಚ್ಚುತ್ತಾನೆ. ಅದಕ್ಕೆ ಅವನು ಬಳಸುವುದೂ ಕಥೆಗಳನ್ನೇ.

ನಾಲ್ಕನೇ ಸಂಜೆ ಮಗಳು ಎದ್ದು ಕೂತಳು. “ಅಪ್ಪಾ, ತಾಳು. ಇವನು ಕಥೆ ಹೇಳಿ ಮೋಸ ಮಾಡ್ತಿದಾನೆ ಅಲ್ವಾ?”

“ಹೂಂ.”

“ಕಥೆ ಒಳ್ಳೇದೇ ಇದೆ. ಆದ್ರೆ ಅವನು ಹೇಳ್ತಿರೋದು ಕೆಟ್ಟದ್ದಕ್ಕೆ.”

ನಾನು ಪುಸ್ತಕ ಕೆಳಗಿಟ್ಟೆ. ನನ್ನ ಪಟ್ಟಿಯ 360 ಪ್ರಶ್ನೆಗಳಲ್ಲಿ ಇದು ಇರಲಿಲ್ಲ. ಅವತ್ತಿನ ಇಪ್ಪತ್ತು ನಿಮಿಷ ಮುಕ್ಕಾಲು ಗಂಟೆ ಆಯ್ತು. ಕಥೆಯ ಹೊಟ್ಟೆಯಲ್ಲಿ ಕಥೆ ಇರುವುದನ್ನು ಡಬ್ಬಿಯೊಳಗೆ ಡಬ್ಬಿ ಬರೆದು ಲೆಕ್ಕ ಹಾಕಿದಳು, ಒಂದೊಂದು ಡಬ್ಬಿಯ ಮೇಲೂ ಯಾರು ಯಾರಿಗೆ ಹೇಳಿದ್ದು ಅಂತ ಹೆಸರು ಬರೆಸಿದಳು. ಮಾರನೇ ದಿನದ ನೋಟ್‌ಬುಕ್ಕಿನಲ್ಲಿ ಅವಳ ಒಂದು ವಾಕ್ಯ ಇದೆ: ‘ದಮನಕನಿಗೆ ಹಲ್ಲಿಗಿಂತ ಮಾತು ಚೂಪು.’

ಕೊನೆಯಲ್ಲಿ ಸಿಂಹ ಎತ್ತನ್ನು ಕೊಲ್ಲುತ್ತದೆ. ಅದನ್ನು ಓದಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿ, ಓದಿದೆ. ಅವಳು ಅಳಲಿಲ್ಲ. ಏನೂ ಮಾತಾಡದೆ ಹೋಗಿ ಮಲಗಿದಳು. ತಪ್ಪು ಮಾಡಿದೆನೇನೋ ಅಂತ ನನಗೇ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಬೆಳಗ್ಗೆ ಜಡೆಯ ಹೊತ್ತಿಗೆ ಬಾಗಿಲ ಬಳಿ ನಿಂತೆ. ಕಥೆ ಸರಾಗವಾಗಿ ಬಂತು. ಸಿಂಹಕ್ಕೆ ಸಿಟ್ಟು ಬಂತು, ಎತ್ತು ಕೊಂಬು ತಗ್ಗಿಸಿತು. ಅಲ್ಲಿ ಸ್ವಲ್ಪ ನಿಂತಳು. “ಆಮೇಲೆ?” ಅಂದರು ಅಜ್ಜಿ. “ಆಮೇಲೆ ಎತ್ತಿಗೆ ಗೊತ್ತಾಗ್ಬಿಡ್ತು ಅಜ್ಜಿ, ಇದೆಲ್ಲ ದಮನಕನ ಕೆಲಸ ಅಂತ. ಅದು ನದಿ ದಾಟಿ ಹೋಗ್ಬಿಡ್ತು.” “ಸದ್ಯ, ಒಳ್ಳೇದಾಯ್ತು” ಅಂತ ಅಜ್ಜಿ ರಿಬ್ಬನ್ ಕಟ್ಟಿದರು.

ಅವಳು ಆಚೆ ಓಡಿದ ಮೇಲೆ ಅಮ್ಮನನ್ನು ಕೇಳಿದೆ. ಈ ಕಥೆಯನ್ನು ಚಿಕ್ಕಂದಿನಲ್ಲಿ ನನಗೆ ಹೇಳಿದ್ದೇ ಅವರು. “ಇದು ಗೊತ್ತಿತ್ತಲ್ಲಮ್ಮಾ?”

“ಗೊತ್ತಿಲ್ಲ ಅಂತ ನಾನು ಯಾವಾಗ ಹೇಳಿದೆ?” ಅಂದರು ಬಾಚಣಿಗೆ ಬಿಡಿಸುತ್ತಾ.

ನೋಟ್‌ಬುಕ್ಕಿನಲ್ಲಿ ಅವತ್ತಿನ ಪುಟಕ್ಕೆ ಎತ್ತು ನದಿ ದಾಟಿದ್ದನ್ನೇ ಬರೆದಿದ್ದೇನೆ. ಮರುದಿನ ಮಗಳು ಬಂದು ಅದನ್ನು ಓದಿ ನೋಡಿ, ಕೆಳಗೆ ತನ್ನ ದೊಡ್ಡ ಅಕ್ಷರದಲ್ಲಿ ‘ಅಜ್ಜಿಗೆ’ ಅಂತ ಸೇರಿಸಿದಳು.