ಎರಡನೇ ಸಾಲಿನ ಕೊಳಲು

ಮಂಗಳೂರಿನ ಕುಲಶೇಖರದ ಆ ಮನೆಯ ಚಾವಡಿಯಲ್ಲಿ ಮೊದಲ ಭಾನುವಾರ ನಾನು ಸರಿಯಾಗಿ ಊದಿದ್ದು ಹನ್ನೊಂದು ಸ್ವರ. ಹನ್ನೆರಡನೆಯದಕ್ಕೆ ಬರುವಾಗ ಉಳಿದ ಮೂವರು ಎಲ್ಲಿದ್ದಾರೆಂದೇ ತಿಳಿಯದೆ ರೆಕಾರ್ಡರ್ ಎಂಬ ಕೊಳಲನ್ನು ಮಡಿಲಿಗೆ ಇಳಿಸಿದೆ. ಅವರು ನಿಲ್ಲಿಸಲಿಲ್ಲ. ನನ್ನ ಜಾಗವನ್ನು ಖಾಲಿ ಬಿಟ್ಟುಕೊಂಡೇ ಕೊನೆಯವರೆಗೆ ಊದಿದರು. ಆಮೇಲೆ ಮನೆಯೊಡತಿ, “ಟೀಚರ್, ತಪ್ಪಿದ್ದಕ್ಕೆ ಬೇಸರ ಬೇಡ. ಆದರೆ ಬಸ್ಸಿನಿಂದ ಇಳಿದವರು ಅಲ್ಲೇ ನಿಂತುಬಿಡಬಾರದು. ಮುಂದಿನ ಸ್ಟಾಪಿನಲ್ಲಿ ಹತ್ತಿಕೊಳ್ಳಬೇಕು” ಎಂದರು.

ಆ ಮಾತು ನನಗೆ ಕೈಗೂಡಲು ಎಂಟು ತಿಂಗಳು ಬೇಕಾಯಿತು. ಒಬ್ಬರೇ ಊದಿ ರೂಢಿಯಾದವರು, ಅದರಲ್ಲೂ ಕರ್ನಾಟಕ ಸಂಗೀತ ಕಲಿತವರು, ರೆಕಾರ್ಡರ್ ಗುಂಪಿಗೆ ಸೇರಿದರೆ ಏನೇನು ಎದುರಾಗುತ್ತದೆ ಎಂಬುದನ್ನು ನಾನು ಕಂಡಂತೆ ಬರೆಯುತ್ತಿದ್ದೇನೆ.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಹುಟ್ಟೂರು ಉಡುಪಿ. ರಥಬೀದಿಗೆ ಹತ್ತಿರದ ಮನೆಯೊಂದರಲ್ಲಿ ಆರು ವರ್ಷ ಬಿದಿರಿನ ಕೊಳಲು ಕಲಿತು, ವರ್ಣಗಳವರೆಗೆ ಬಂದಿದ್ದೆ. ಮದುವೆಯಾಗಿ ಮಂಗಳೂರಿಗೆ ಬಂದ ಮೇಲೆ ಕೊಳಲು ಕಪಾಟು ಸೇರಿತು. ಇಪ್ಪತ್ತೆರಡು ವರ್ಷ ಅಲ್ಲೇ ಇತ್ತು. ನಮ್ಮ ಶಾಲೆಯ ಇಂಗ್ಲಿಷ್ ಟೀಚರ್ ಚರ್ಚಿನ ಗಾಯನವೃಂದದಲ್ಲಿ ಹಾಡುತ್ತಾರೆ. ಅವರ ಪರಿಚಯದ ನಾಲ್ವರು ಭಾನುವಾರ ಸಂಜೆ ಸೇರಿ ರೆಕಾರ್ಡರ್ ಊದುತ್ತಿದ್ದರು. ಮೇಲಿನಿಂದ ಎರಡನೇ ದನಿಯಾದ ಆಲ್ಟೊ ಊದುವವರಿಗೆ ಬೆಂಗಳೂರಿಗೆ ವರ್ಗವಾಗಿ ಒಂದು ಕುರ್ಚಿ ಖಾಲಿಯಾಯಿತು. “ಕೊಳಲು ಬಲ್ಲವರಲ್ಲವೇ, ಬನ್ನಿ” ಎಂದು ಕರೆದರು. ನಾಲ್ಕರಲ್ಲಿ ಎಲ್ಲಕ್ಕಿಂತ ಮೇಲಿನ ದನಿಯ ಸೊಪ್ರಾನೊಗೆ ಮನೆಯೊಡತಿ, ಎಲ್ಲಕ್ಕಿಂತ ಕೆಳಗಿನ ದನಿಯ ಬಾಸ್‌ಗೆ ಗಲ್ಫ್‌ನಲ್ಲಿ ದುಡಿದು ಊರಿಗೆ ಮರಳಿದ ಅವರ ಯಜಮಾನರು, ಟೆನರ್‌ಗೆ ದಂತವೈದ್ಯಕೀಯ ಓದುತ್ತಿರುವ ಒಬ್ಬ ಹುಡುಗ. ಯಾರೂ ಸಂಗೀತದಿಂದ ಹೊಟ್ಟೆ ಹೊರೆಯುವವರಲ್ಲ.

ರೆಕಾರ್ಡರ್ ಎಂದರೆ ಧ್ವನಿಮುದ್ರಣದ ಯಂತ್ರ ಎಂದುಕೊಳ್ಳುವವರು ಇನ್ನೂ ಇದ್ದಾರೆ, ಆದ್ದರಿಂದ ಹೇಳಿಬಿಡುತ್ತೇನೆ. ಇದು ನೇರವಾಗಿ ಹಿಡಿದು ಊದುವ ಯುರೋಪಿನ ಕೊಳಲು. ಮುಂದೆ ಏಳು ತೂತು, ಹಿಂದೆ ಹೆಬ್ಬೆರಳಿಗೆ ಒಂದು. ಸೊಪ್ರಾನೊ ಒಂದು ಅಡಿಗಿಂತ ತುಸು ಉದ್ದ, ಬಾಸ್ ಹೆಚ್ಚುಕಡಿಮೆ ಒಂದು ಮೀಟರ್. ಆಲ್ಟೊ, ಟೆನರ್ ಇವೆರಡರ ನಡುವೆ. ಇಂಗ್ಲೆಂಡಿನ ಎಂಟನೇ ಹೆನ್ರಿ ತೀರಿಕೊಂಡ ಮೇಲೆ, 1547ರಲ್ಲಿ ಮಾಡಿದ ಅರಮನೆಯ ಆಸ್ತಿಪಟ್ಟಿಯಲ್ಲಿ 76 ರೆಕಾರ್ಡರ್‌ಗಳಿದ್ದವಂತೆ. ಗುಂಪಿನಲ್ಲಿ ಕುಳಿತ ಮೇಲೆ ನನಗೆ ಆ ಸಂಖ್ಯೆ ವಿಚಿತ್ರವೆನಿಸಲಿಲ್ಲ. ಇದು ಕುಟುಂಬವಾಗಿ ಬಾಳುವ ವಾದ್ಯ.

ಬಿದಿರಿನ ಕೊಳಲಿನಲ್ಲಿ ಮೊದಲ ನಾದ ಹೊರಡಿಸಲು ನಾನು ಚಿಕ್ಕವಳಿದ್ದಾಗ ಮೂರು ವಾರ ಹೆಣಗಿದ್ದೆ. ರೆಕಾರ್ಡರ್ ಊದಿದ ತಕ್ಷಣ ನುಡಿಯುತ್ತದೆ, ಏಕೆಂದರೆ ಗಾಳಿ ಎಲ್ಲಿ ಹೋಗಿ ಬಡಿಯಬೇಕೆಂಬುದನ್ನು ಬಾಯಿತುದಿಯಲ್ಲಿ ಕೂರಿಸಿದ ತುಂಡು ಮೊದಲೇ ತೀರ್ಮಾನಿಸಿರುತ್ತದೆ. ಆ ಸುಲಭದಲ್ಲೇ ಕಷ್ಟ ಅಡಗಿದೆ. ನಮ್ಮ ಕೊಳಲಿನಲ್ಲಿ ಸ್ವರ ತುಸು ಜಾರಿದರೆ ತುಟಿಯನ್ನು ಹೊರಳಿಸಿ, ಕೊಳಲನ್ನು ಕೂದಲೆಳೆಯಷ್ಟು ತಿರುಗಿಸಿ ಸರಿಮಾಡುತ್ತೇವೆ. ಇಲ್ಲಿ ತುಟಿಗೆ ಕೆಲಸವೇ ಇಲ್ಲ, ಉಳಿಯುವುದು ಉಸಿರೊಂದೇ. ಜೋರಾಗಿ ಊದಿದರೆ ಶ್ರುತಿ ಏರುತ್ತದೆ, ಮೆಲ್ಲಗೆ ಊದಿದರೆ ಇಳಿಯುತ್ತದೆ. ಮನಸ್ಸು ತುಂಬಿ ಬಂದಾಗ ದನಿ ಏರಿಸುವುದು ನನ್ನ ಅಭ್ಯಾಸ. ಪ್ರತಿ ಸಲವೂ ನಾನು ಗುಂಪಿಗಿಂತ ಮೇಲೆ ತೇಲಿಬಿಡುತ್ತಿದ್ದೆ.

ಬೆರಳುಗಳದ್ದು ಇನ್ನೊಂದು ಕಥೆ. ಗಾಂಧಾರಕ್ಕೆ ಬಂದ ಕೂಡಲೇ ಅವು ತಾವಾಗಿಯೇ ತೂಗುತ್ತಿದ್ದವು. ಒಬ್ಬಳೇ ಊದುವಾಗ ಆ ತೂಗಾಟವೇ, ಅಂದರೆ ಗಮಕವೇ, ರಾಗದ ಜೀವ. ನಾಲ್ವರು ನಾಲ್ಕು ಸ್ವರ ಹಿಡಿದು ಒಂದು ಹಂದರ ಕಟ್ಟುವಾಗ ಒಂದು ಕಂಬ ಅಲುಗಿದರೆ ಮೇಲಿನದೆಲ್ಲ ಅಲುಗುತ್ತದೆ. ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನಿಗೆ ಗಮಕ ಕಲಿಸಿದ ನೆಲದಲ್ಲಿ ಕುಳಿತು ನಾನು ಬೆರಳಿಗೆ ಗಮಕವನ್ನು ಬದಿಗಿಡಲು ಕಲಿಸಬೇಕಾಯಿತು. ನನಗೆ ದಾರಿ ತೋರಿಸಿದ್ದು ನೊಟ್ಟುಸ್ವರ. ಮುತ್ತುಸ್ವಾಮಿ ದೀಕ್ಷಿತರು (1775–1835) ಪಾಶ್ಚಾತ್ಯ ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಹೊಂದಿಸಿದ ಆ ಪುಟ್ಟ ರಚನೆಗಳು ಶಂಕರಾಭರಣದಲ್ಲಿವೆ, ಗಮಕವಿಲ್ಲದ ನೇರ ಸ್ವರಗಳು. ಬಾಲಪಾಠದಲ್ಲಿ ಕಲಿತದ್ದನ್ನೇ ಮೊಬೈಲಿನ ತಂಬೂರಿ ಹಾಕಿಕೊಂಡು ದಿನಕ್ಕೆ ಇಪ್ಪತ್ತು ನಿಮಿಷ ಊದಿದೆ. ಬೆರಳು ಹೊಸದಕ್ಕೆ ಹೆದರುತ್ತದೆ, ಗುರುತಿನ ಹಾಡಿನಲ್ಲಿ ಬೇಗ ಬುದ್ಧಿ ಕಲಿಯುತ್ತದೆ. ಕರ್ನಾಟಕ ಸಂಗೀತದಿಂದ ಈ ಕಡೆ ಬರುವ ಯಾರಿಗಾದರೂ ನಾನು ಮೊದಲು ಹೇಳುವುದು ಇದನ್ನೇ.

ವಾದ್ಯ ಕೊಳ್ಳುವ ವಿಷಯದಲ್ಲಿ ಹೆಚ್ಚು ಬರೆಯುವುದಿಲ್ಲ. ಒಳ್ಳೆಯ ಕಂಪನಿಯ ಪ್ಲಾಸ್ಟಿಕ್ ರೆಕಾರ್ಡರ್ ವರ್ಷಗಟ್ಟಲೆ ಸಾಕು. ಆದರೆ ಒಂದು ಎಚ್ಚರ ಬೇಕು. ಬೆರಳು ಇಡುವ ಕ್ರಮದಲ್ಲಿ ಬರೋಕ್, ಜರ್ಮನ್ ಎಂದು ಎರಡು ಬಗೆಯಿವೆ. ಮುಂಭಾಗದ ಐದನೇ ತೂತು ನಾಲ್ಕನೆಯದಕ್ಕಿಂತ ಚಿಕ್ಕದಾಗಿದ್ದರೆ ಅದು ಜರ್ಮನ್. ನಮ್ಮ ಟೆನರ್ ಹುಡುಗ ಮೊದಲು ಸೊಪ್ರಾನೊ ಕಲಿಯಲು ಅಂಥದ್ದನ್ನೇ ತಂದಿದ್ದ. ಸೊಪ್ರಾನೊದಲ್ಲಿ ಎಫ್ ಸ್ವರಕ್ಕೆ (ಪಾಶ್ಚಾತ್ಯ ಸಂಗೀತದಲ್ಲಿ ಸ್ವರಗಳಿಗೆ ಎ, ಬಿ, ಸಿ ಎಂದು ಅಕ್ಷರಗಳೇ ಹೆಸರು) ಅದು ಸಲೀಸು, ಅದಕ್ಕಿಂತ ಅರ್ಧ ಮೆಟ್ಟಿಲು ಮೇಲಿನ ಎಫ್ ಶಾರ್ಪ್ ಬಂದರೆ ಮಾತ್ರ ಅಪಶ್ರುತಿ. ಗುಂಪಿಗೆ ಬರುವವರು ಬರೋಕ್ ಬಗೆಯನ್ನೇ ತರಬೇಕು.

ನನಗೆ ನಿಜವಾಗಿ ತಲೆ ತಿಂದದ್ದು ಆಲ್ಟೊದ ಸ್ವರನಾಮ. ಬಿದಿರಿನ ಕೊಳಲಿನಲ್ಲಿ ಶ್ರುತಿ ಬದಲಾದರೆ ಕೊಳಲನ್ನೇ ಬದಲಿಸುತ್ತೇವೆ. ಬೆರಳಿಗೆ ಷಡ್ಜ ಇದ್ದಲ್ಲೇ ಇರುತ್ತದೆ. ಇಲ್ಲಿ ಕಾಗದದ ಮೇಲಿನ ಸ್ವರ ಕದಲುವುದಿಲ್ಲ, ಬೆರಳು ಕದಲಬೇಕು. ಎಲ್ಲ ತೂತು ಮುಚ್ಚಿದರೆ ಸೊಪ್ರಾನೊದಲ್ಲಿ ಸಿ, ಆಲ್ಟೊದಲ್ಲಿ ಎಫ್. ಎರಡನ್ನೂ ಒಟ್ಟಿಗೆ ಕಲಿಯಲು ಹೋಗಿ ಎರಡೂ ಕಲಸುಮೇಲೋಗರವಾದಾಗ, ಮೂರು ತಿಂಗಳು ಸೊಪ್ರಾನೊವನ್ನು ಮುಟ್ಟದೆ ಆಲ್ಟೊ ಮಾತ್ರ ಹಿಡಿದೆ. ಸ್ವರದ ಹೆಸರನ್ನು ಗಟ್ಟಿಯಾಗಿ ಹೇಳುತ್ತಾ ಊದದೆ ಬೆರಳಷ್ಟೇ ಆಡಿಸುವುದು, ಆಮೇಲೆ ಊದುವುದು. ಅಡುಗೆಮನೆಯಲ್ಲಿ ಕುಕ್ಕರ್ ಕೂಗುವವರೆಗಿನ ಹೊತ್ತೆಲ್ಲ ಇದಕ್ಕೇ ಹೋಯಿತು.

ಶ್ರುತಿ ಸೇರಿಸುವ ಕೆಲಸವನ್ನು, ವಿಜ್ಞಾನದ ಟೀಚರ್ ಎಂದು, ನನಗೇ ವಹಿಸಿದರು. ಶಾಲೆಯ ಪ್ರಯೋಗಾಲಯದಿಂದ ಸೆಕೆಂಡಿಗೆ 512 ಸಲ ಕಂಪಿಸುವ ಶ್ರುತಿಕವೆಯನ್ನು ಒಯ್ದೆ. ಅದನ್ನು ತಟ್ಟಿ ಮೇಜಿಗೆ ಊರಿ ಎಲ್ಲರಿಗೂ ಸಿ ಊದಲು ಹೇಳಿದರೆ ನಾಲ್ಕು ವಾದ್ಯಗಳೂ ಕವೆಗಿಂತ ಮೇಲೆ. ತಲೆಯ ಭಾಗವನ್ನು ಎಳೆದು ಎಳೆದು ಸೋತೆವು. ಮನೆಗೆ ಬಂದು ಲೆಕ್ಕ ಹಾಕಿದಾಗ ಕಾರಣ ಸಿಕ್ಕಿತು. ಪ್ರಯೋಗಾಲಯದ ಕವೆಗಳು 256, 512 ಎಂಬ ಲೆಕ್ಕದವು; ಸಂಗೀತದವರು ಎ ಸ್ವರವನ್ನು 440ಕ್ಕೆ ಕಟ್ಟುತ್ತಾರೆ, ಆಗ ಆ ಸಿ ಸುಮಾರು 523ಕ್ಕೆ ಬಂದು ನಿಲ್ಲುತ್ತದೆ. ತಪ್ಪು ರೆಕಾರ್ಡರ್‌ಗಳದ್ದಾಗಿರಲಿಲ್ಲ.

ಅಂದಿನಿಂದ ನಾವು ಯಂತ್ರ ನೋಡುವುದನ್ನು ಕಡಿಮೆ ಮಾಡಿದೆವು. ಬಾಸ್ ಒಂದು ಸ್ವರ ಹಿಡಿಯುತ್ತದೆ. ಅದರ ಮೇಲೆ ಟೆನರ್, ನಾನು, ಕೊನೆಗೆ ಸೊಪ್ರಾನೊ. ಎರಡು ಸ್ವರ ಒಂದಕ್ಕೊಂದು ಕೂಡದಿದ್ದರೆ ನಡುವೆ ವಾಂವ್‌ವಾಂವ್ ಎಂದು ಅಲೆ ಏಳುತ್ತದೆ. ಒಂದು 440, ಇನ್ನೊಂದು 442 ಆದರೆ ಸೆಕೆಂಡಿಗೆ ಎರಡು ಅಲೆ. ಉಸಿರನ್ನು ತುಸು ತಗ್ಗಿಸುತ್ತಾ ಹೋದರೆ ಅಲೆ ನಿಧಾನವಾಗಿ, ಕೊನೆಗೆ ನೀರು ನಿಂತಂತೆ ನಿಲ್ಲುತ್ತದೆ. ಮಕ್ಕಳಿಗೆ ಹದಿನೆಂಟು ವರ್ಷ ಪಾಠದಲ್ಲಿ ಹೇಳಿದ್ದನ್ನು ನಾನು ಹಲ್ಲಿನ ಬುಡದಲ್ಲಿ ಅನುಭವಿಸಿದ್ದು ಆ ಚಾವಡಿಯಲ್ಲಿ.

ನಮ್ಮ ಊರಿನ ಹವೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಗಾಳಿ ಬಿಸಿಯಾದಷ್ಟು ಶಬ್ದದ ವೇಗ ಹೆಚ್ಚು, ಡಿಗ್ರಿಗೆ ಸೆಕೆಂಡಿಗೆ ಸುಮಾರು 0.6 ಮೀಟರ್, ಶ್ರುತಿಯೂ ಅದರೊಂದಿಗೆ ಏರುತ್ತದೆ. ಡಿಸೆಂಬರಿನಲ್ಲಿ ಒಂದು ಸಭಾಂಗಣದಲ್ಲಿ ಊದಲು ಕರೆದಿದ್ದರು. ಸೆಖೆಯ ಹಿಂಕೋಣೆಯಲ್ಲಿ ಶ್ರುತಿ ಸೇರಿಸಿ, ಏಸಿ ಹಾಕಿದ ವೇದಿಕೆಗೆ ಬಂದೆವು. ಚಿಕ್ಕದಾದ ಸೊಪ್ರಾನೊ ಉಸಿರಿನ ಬಿಸಿಗೆ ಬೇಗ ಚೇತರಿಸಿಕೊಂಡಿತು, ಉದ್ದದ ಬಾಸ್ ತಣ್ಣಗೇ ಉಳಿದು ಕೆಳಗೆ ಕುಸಿಯಿತು. ತಂಪಿಗೆ ನನ್ನ ಆಲ್ಟೊದ ಗಾಳಿದಾರಿಯಲ್ಲಿ ನೀರು ಕಟ್ಟಿ ದನಿ ಒಡೆಯಿತು. ಕಿಂಡಿಗೆ ಬೆರಳು ಮುಚ್ಚಿ ಜೋರಾಗಿ ಊದಿ ಹನಿ ಹೊರಹಾಕುವಷ್ಟರಲ್ಲಿ ಎರಡು ಸಾಲು ಕಳೆದಿತ್ತು. ಈಗ ಊದುವ ಜಾಗದಲ್ಲೇ ಕಾಲು ಗಂಟೆ ಮೊದಲು ಕುಳಿತು, ತಲೆಯ ಭಾಗವನ್ನು ಕಂಕುಳಲ್ಲಿಟ್ಟು ಬಿಸಿಮಾಡಿ, ಅಲ್ಲೇ ಶ್ರುತಿ ಸೇರಿಸುತ್ತೇವೆ. ಮಳೆಗಾಲಕ್ಕೆ ಮರದ ರೆಕಾರ್ಡರನ್ನು ಒದ್ದೆಯಾಗಿ ಪೆಟ್ಟಿಗೆಯಲ್ಲಿ ಮುಚ್ಚಿಡಲೇಬಾರದು. ಮನೆಯೊಡತಿಯ ಸೊಪ್ರಾನೊಗೆ ಆಟಿ ತಿಂಗಳಲ್ಲಿ ಬಿಳಿ ಬೂಷ್ಟು ಹಿಡಿದದ್ದನ್ನು ನೋಡಿದ್ದೇನೆ. ಹತ್ತಿ ಬಟ್ಟೆಯನ್ನು ಒಳಗೆ ಎಳೆದು ಒರೆಸಿ, ರಾತ್ರಿಯಿಡೀ ತೆರೆದಿಟ್ಟರೆ ಮಾತ್ರ ಬಾಳುತ್ತದೆ.

ಇನ್ನು ಆ ಬಸ್ಸಿನ ಮಾತು. ನಾವು ಹೆಚ್ಚಾಗಿ ಊದುವುದು 1551ರಲ್ಲಿ ಆಂಟ್ವರ್ಪ್‌ನಲ್ಲಿ ಟೀಲ್ಮನ್ ಸುಸಾಟೊ ಅಚ್ಚು ಹಾಕಿದ ನೃತ್ಯಗಳನ್ನು. ನಾಲ್ಕು ಭಾಗ, ಸಾಲುಗಳು ಚಿಕ್ಕವು, ಪುನರಾವರ್ತನೆ ಹೇರಳ. ನಾಲ್ಕರಲ್ಲಿ ಮೇಲಿನ ಸಾಲು ಕಿವಿಗೆ ತಾನಾಗಿ ಬೀಳುತ್ತದೆ. ನನ್ನದು ಎರಡನೆಯದು: ಹಾಡಿಕೊಂಡರೆ ಹಾಡಲ್ಲ, ಬಿಟ್ಟರೆ ಹಾಡು ಬರಡು. ಮೊದಲ ತಿಂಗಳುಗಳಲ್ಲಿ ನನ್ನ ಕಿವಿ ಸೊಪ್ರಾನೊದ ಬೆನ್ನು ಹತ್ತಿ ಹೋಗುತ್ತಿತ್ತು, ಬೆರಳೂ ಅತ್ತಲೇ. ಅದನ್ನು ತಡೆಯಲು ಕಿವಿ ಮುಚ್ಚಿಕೊಂಡು ನನ್ನದನ್ನಷ್ಟೇ ಎಣಿಸಿ ನೋಡಿದೆ. ಇನ್ನೂ ಬೇಗ ದಾರಿ ತಪ್ಪಿತು.

ಯಜಮಾನರು ಬೇರೆ ಉಪಾಯ ಹೇಳಿದರು. “ಟೀಚರ್, ನಿಮ್ಮ ಸಾಲನ್ನು ಊದಬೇಡಿ, ಹಾಡಿ. ನಾನು ಬಾಸ್ ಊದುತ್ತೇನೆ.” ಹಾಡಿದೆ. ಎರಡನೇ ವಾರ ಟೆನರ್ ಜೊತೆ, ಮೂರನೇ ವಾರ ಸೊಪ್ರಾನೊ ಜೊತೆ. ಆಮೇಲೆ ಪೆನ್ಸಿಲ್ ಹಿಡಿದು ನನ್ನ ಹಾಳೆಯಲ್ಲಿ ನನ್ನ ಸ್ವರಗಳನ್ನಲ್ಲ, ಅವರ ಗುರುತುಗಳನ್ನು ಬರೆದೆ. ಇಲ್ಲಿ ಟೆನರ್ ಮೆಟ್ಟಿಲಿಳಿದು ಬರುತ್ತದೆ, ಇಲ್ಲಿ ಬಾಸ್ ಒಂದೇ ಸ್ವರದಲ್ಲಿ ನಿಲ್ಲುತ್ತದೆ, ಅದು ಕದಲಿದ ಮರುಗಳಿಗೆ ನಾನು. ಇವೇ ನನ್ನ ಸ್ಟಾಪುಗಳಾದವು. ಈಗಲೂ ದಾರಿ ತಪ್ಪುತ್ತೇನೆ, ಆದರೆ ಮುಂದಿನ ಸ್ಟಾಪು ಯಾವುದೆಂದು ಗೊತ್ತಿರುತ್ತದೆ. ರೆಕಾರ್ಡರ್ ತುಟಿಯಲ್ಲೇ ಇರುತ್ತದೆ, ಕಾಲಿನ ಹೆಬ್ಬೆರಳು ಲೆಕ್ಕ ಬಿಡುವುದಿಲ್ಲ.

ನಮಗೆ ಕೈಬೀಸಿ ನಡೆಸುವವರು ಯಾರೂ ಇಲ್ಲ. ಸೊಪ್ರಾನೊ ಊದುವವರು ರೆಕಾರ್ಡರಿನ ತುದಿಯನ್ನು ಎರಡು ಬೆರಳಷ್ಟು ಎತ್ತಿ, ಹಾಡಿನ ವೇಗಕ್ಕೆ ಸರಿಯಾಗಿ ಮೂಗಿನಿಂದ ಉಸಿರೆಳೆಯುತ್ತಾರೆ. ಆ ಉಸಿರಿನಲ್ಲೇ ಲಯ ಸಿಕ್ಕಿಬಿಡುತ್ತದೆ. ಯಕ್ಷಗಾನದ ಹಿಮ್ಮೇಳದಲ್ಲಿ ಮದ್ದಳೆಯವರು ಭಾಗವತರ ಕಡೆಗೆ ಕಣ್ಣು, ಕಿವಿ ಎರಡನ್ನೂ ನೆಟ್ಟು ಕೂರುವುದನ್ನು ಚಿಕ್ಕಂದಿನಿಂದ ನೋಡಿದವಳು ನಾನು. ಅವರು ಕಾಯುವುದು ಏನನ್ನು ಎಂದು ಈಗ ತಿಳಿಯಿತು.

ಕಳೆದ ಅಕ್ಟೋಬರಿನ ಒಂದು ಸಂಜೆ, ಮಳೆ ನಿಂತು ಮಾಡಿನಿಂದ ಹನಿ ಮಾತ್ರ ತೊಟ್ಟಿಕ್ಕುತ್ತಿದ್ದಾಗ, ಸೊಪ್ರಾನೊ ಎ ಸ್ವರದಲ್ಲೂ ನಾನು ಅದರ ಕೆಳಗಿನ ಇ ಸ್ವರದಲ್ಲೂ ದೀರ್ಘವಾಗಿ ನಿಂತಿದ್ದೆವು. ಅಲೆಗಳು ನಿಧಾನವಾಗಿ ನಿಂತವು. ಆಗ ಕೋಣೆಯಲ್ಲಿ ತೀರ ಕೆಳಗಿನ ಸ್ವರವೊಂದು, ದುಂಬಿ ಗುಂಯ್‌ಗುಡುವಂತೆ, ಕಿವಿಯ ಒಳಗೇ ಹುಟ್ಟಿದ ಹಾಗೆ ಕೇಳಿಸಿತು. ಟೆನರ್ ಹುಡುಗ ತಿರುಗಿ, “ಬಾಸ್ ಯಾಕೆ ಊದಿದಿರಿ ಅಂಕಲ್, ನಮಗಿನ್ನೂ ರೆಸ್ಟ್ ಇದೆಯಲ್ಲ?” ಎಂದ. ಯಜಮಾನರ ಬಾಸ್ ಅವರ ಮೊಣಕಾಲ ಮೇಲೆ ಅಡ್ಡ ಮಲಗಿತ್ತು. 880ರಿಂದ 660 ಕಳೆದರೆ 220. ಎರಡು ಸ್ವರ ಶುದ್ಧವಾಗಿ ಕೂಡಿದಾಗ ಅವುಗಳ ಅಂತರವೇ ಮೂರನೆಯ ಸ್ವರವಾಗಿ ಕೇಳಿಸುತ್ತದೆ ಎಂದು ವಿವರಿಸಲು ಬಾಯಿ ತೆರೆದೆ. ಮನೆಯೊಡತಿ ಆಗಲೇ ರೆಕಾರ್ಡರಿನ ತುದಿ ಎತ್ತಿ ಉಸಿರೆಳೆದುಕೊಳ್ಳುತ್ತಿದ್ದರು. ನಾನೂ ಎಳೆದುಕೊಂಡೆ.